ಬರಿಗೈ ತಾಯಿಯ ಚಿತ್ರ

“ಗುರುಗಳೇ, ಇರುವ ಕಷ್ಟವನ್ನು ಇದ್ದದ್ದಕ್ಕಿಂತ ಒಂದು ಎಳೆ ಹೆಚ್ಚು ಮಾಡಿ ತೋರಿಸಿದರೆ ಹಸಿದ ನೂರಾರು ಮಂದಿಗೆ ಅನ್ನ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹಾಗೆ ತೋರಿಸುವುದು ತಪ್ಪೇ?”

ಕೇಳಿದವನು ಮಠದ ಶಿಷ್ಯ. ಆ ವರ್ಷ ಮಳೆ ಕೈಕೊಟ್ಟು ಸುತ್ತಲಿನ ಹಳ್ಳಿಗಳ ಜನ ಗುಳೆ ಹೊರಟಿದ್ದರು. ದಾರಿಯಲ್ಲಿ ಬೀಡುಬಿಟ್ಟ ಕುಟುಂಬಗಳಿಗೆ ಮಠದಿಂದ ಊಟ ಹಾಕಬೇಕೆಂದು ನಿಶ್ಚಯವಾಗಿತ್ತು. ದಾನ ಬೇಡುವ ಕರಪತ್ರ ಮಾಡುವ ಕೆಲಸ ಶಿಷ್ಯನದು. ಅವನು ಎರಡು ಫೋಟೋಗಳನ್ನು ಗುರುಗಳ ಮುಂದಿಟ್ಟ. ಒಂದರಲ್ಲಿ ಒಬ್ಬ ಮುದುಕಿ ಮೊಮ್ಮಗನಿಗೆ ರೊಟ್ಟಿ ತಿನ್ನಿಸುತ್ತ ನಗುತ್ತಿದ್ದಳು. ಇನ್ನೊಂದರಲ್ಲಿ ಅದೇ ಮುದುಕಿ, ಅದೇ ಮೊಮ್ಮಗ. ರೊಟ್ಟಿ ಇರಲಿಲ್ಲ, ನಗುವೂ ಇರಲಿಲ್ಲ.

“ರೊಟ್ಟಿ ಪಕ್ಕಕ್ಕಿಡು ಎಂದು ಹೇಳಿದವನು ನೀನೇ ತಾನೆ?” ಎಂದರು ಗುರುಗಳು.

ಶಿಷ್ಯ ಹೌದೆಂದು ಒಪ್ಪಿಕೊಂಡ.

“ಕೂತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಅವನನ್ನು ಕೆಟ್ಟವನೆಂದು ತೀರ್ಮಾನಿಸಿ ನೀನು ನಿನ್ನ ಪಾಡಿಗೆ ಹಾಯಾಗಿ ಮಲಗಿಬಿಡುತ್ತೀ. ಅವನು ಹಸಿದವರನ್ನು ಕಂಡರೆ ತನ್ನ ಬುತ್ತಿ ಬಿಚ್ಚಿ ಕೊಡುವಂತಹವನು. ಒಂದು ಪತ್ರಿಕೆಯವರು ಅವನನ್ನು ಕರೆದು, “ಬರ ಬಿದ್ದು ಗುಳೆ ಹೋದವರ ಚಿತ್ರ ಬೇಕು, ನೋಡಿದವರ ಕರುಳು ಕಿತ್ತು ಬರಬೇಕು” ಎಂದರು. ಅವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟ.

ಹೊಳೆಯ ದಡದ ಊರೊಂದರಲ್ಲಿ ಕಬ್ಬು ಕಡಿಯುವವರ ಬಿಡಾರವಿತ್ತು. ಒಣ ಸೀಮೆಯಿಂದ ಬಂದ ಕುಟುಂಬಗಳು ಕಬ್ಬಿನ ಸೋಗೆಯಿಂದಲೇ ಗುಡಿಸಲು ಕಟ್ಟಿಕೊಂಡು ಇದ್ದವು. ಪ್ರತಿ ವರ್ಷವೂ ಬರುವವರೇ. ಆದರೆ ಆ ವರ್ಷ ಬಂದ ಜನ ಹೆಚ್ಚು, ನೀರಿಲ್ಲದೆ ಕಬ್ಬು ಕಡಿಮೆ. ಒಂದು ದಿನ ಕೆಲಸವಿದ್ದರೆ ಎರಡು ದಿನ ಇರುತ್ತಿರಲಿಲ್ಲ. ಕೆಲಸವಿಲ್ಲದ ದಿನ ಒಲೆಯೂ ಉರಿಯುತ್ತಿರಲಿಲ್ಲ.

ಫೋಟೋಗ್ರಾಫರ್ ಬೆಳಗಿನಿಂದ ತಿರುಗಿದ. ಒಂದೂ ಚಿತ್ರ ಸಿಗಲಿಲ್ಲ. ಕ್ಯಾಮೆರಾ ಕಂಡ ಕೂಡಲೇ ಜನ ಓಡಿಹೋಗಿ ಮುಖ ತೊಳೆದು, ತಲೆಗೆ ನೀರು ಸವರಿ ಬಾಚಿಕೊಂಡು, ಪೆಟ್ಟಿಗೆಯ ತಳದಲ್ಲಿದ್ದ ಅಂಗಿ ತೊಟ್ಟು, ಮದುವೆ ಮನೆಯಲ್ಲಿ ನಿಂತ ಬೀಗರಂತೆ ನೆಟ್ಟಗೆ ನಿಲ್ಲುತ್ತಿದ್ದರು. ಬಡತನವೇನೋ ಬಂದಿದೆ, ಅದನ್ನು ಹೊತ್ತುಕೊಂಡು ಫೋಟೋಗೆ ನಿಲ್ಲಬೇಕೆಂದು ಎಲ್ಲಿ ಬರೆದಿದೆ? ಫೋಟೋಗ್ರಾಫರನಿಗೆ ಮಾತ್ರ ರೇಗಿ ಹೋಯಿತು. ಉಪವಾಸವಿದ್ದವರು ಹೀಗೆ ಹಬ್ಬದವರಂತೆ ಕಂಡರೆ ಲೋಕ ನಂಬುವುದು ಹೇಗೆ ಎಂದು ಗೊಣಗಿಕೊಂಡ.

ಇಳಿಹೊತ್ತಿನಲ್ಲಿ ಅವನಿಗೆ ಒಬ್ಬ ಹೆಂಗಸು ಕಂಡಳು. ಗುಡಿಸಲ ಬಾಗಿಲಲ್ಲಿ ಕೂತಿದ್ದಳು. ತೊಡೆಯ ಮೇಲೆ ಚಿಕ್ಕ ಮಗು ಮಲಗಿತ್ತು. ಭುಜಕ್ಕೆ ಒರಗಿ ಮಗಳು ನಿಂತಿದ್ದಳು. ಹೆಂಗಸು ಸೀರೆಯ ಮೇಲೆ ಗಂಡಸಿನ ಹಳೆಯ ಅಂಗಿ ತೊಟ್ಟು ಕೊರಳವರೆಗೆ ಗುಂಡಿ ಹಾಕಿಕೊಂಡಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ, ಹಣೆಯಲ್ಲಿ ಕುಂಕುಮ ಇರಲಿಲ್ಲ. ಮುಂಗೈ ತುಂಬ ಸೀಳಿದ ಗೀರುಗಳಿದ್ದವು. ಅವಳು ದೂರ ಎಲ್ಲೋ ನೋಡುತ್ತಿದ್ದಳು.

ಇಲ್ಲಿ ಆ ಜನರ ಒಂದು ಪದ್ಧತಿ ಹೇಳಬೇಕು. ಕಬ್ಬಿನ ಗರಿ ಗರಗಸದಂತೆ ಕೊಯ್ಯುತ್ತದೆ. ಅದಕ್ಕೇ ಹೆಂಗಸರು ಗಂಡಂದಿರ ಹಳೆಯ ಅಂಗಿ ಮೇಲೆ ತೊಡುತ್ತಾರೆ. ತಾಳಿ ಅದರೊಳಗೆ ಮುಚ್ಚಿಹೋಗುತ್ತದೆ, ಕುಂಕುಮ ಬೆವರಿಗೆ ಕರಗಿಹೋಗುತ್ತದೆ. ಕೆಲಸದಲ್ಲಿ ಗಾಜಿನ ಬಳೆ ಒಡೆದರೆ ಅಪಶಕುನ. ಆದ್ದರಿಂದ ಬೆಳಗ್ಗೆ ಹೆಂಡತಿ ಬಳೆಗಳನ್ನು ತೆಗೆದು ಗಂಡನ ಕೈಗೆ ಕೊಡುತ್ತಾಳೆ. ಅವನು ಅವನ್ನು ತಲೆಯ ರುಮಾಲಿನ ಚುಂಗಿನಲ್ಲಿ ಗಂಟು ಹಾಕಿಕೊಳ್ಳುತ್ತಾನೆ. ಸಂಜೆ ಅವನೇ ಬಿಚ್ಚಿ ಕೊಡಬೇಕು. ಅಲ್ಲಿಯವರೆಗೆ ಅವಳ ಮುತ್ತೈದೆತನ ಅವನ ತಲೆಯ ಮೇಲಿರುತ್ತದೆ ಎಂದು ಅವರ ನಂಬಿಕೆ. ಆ ದಿನ ಅವಳ ಗಂಡ ಕಬ್ಬಿನ ಗಾಡಿಯ ಜೊತೆ ಕಾರ್ಖಾನೆಗೆ ಹೋಗಿದ್ದ.

ಫೋಟೋಗ್ರಾಫರನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಅವನು ಕ್ಯಾಮೆರಾ ಎತ್ತಿದ. ಅವಳು ಗಾಬರಿಯಾಗಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ತಡೀರಿ ಎಪ್ಪಾ. ಹಿಂಗ ಬರಿಗೈಲೆ ಬ್ಯಾಡ್ರಿ. ಅವರು ಸಂಜಿಕ್ಕ ಬರ್ತಾರ, ಬಳಿ ಅವರ ಹಂತ್ಯಾಕ ಅದಾವ. ಹಾಕ್ಕೊಂಡು ಕೂಡ್ರತೀನಿ.”

“ಸಂಜೆಗೆ ಬೆಳಕು ಹೋಗುತ್ತದಮ್ಮ. ಹೀಗೇ ಇರು. ಹೀಗಿದ್ದರೇ ನಿಜ” ಎಂದ ಅವನು.

ಅವಳು ಮತ್ತೊಮ್ಮೆ “ತಡೀರಿ” ಎನ್ನಲು ಕೈ ಮುಂದೆ ಚಾಚಿ ಬಾಯಿ ತೆರೆದಳು. ಅಷ್ಟರಲ್ಲಿ ಚಿತ್ರ ಆಗಿಹೋಗಿತ್ತು. ಅವನು ತನ್ನ ಬುತ್ತಿಯ ಚಪಾತಿಗಳನ್ನು ಮಕ್ಕಳ ಕೈಗಿಟ್ಟು, ಕಣ್ಣೊರೆಸಿಕೊಂಡು ಬಸ್ಸು ಹತ್ತಿದ. ಅವನ ಕಣ್ಣೀರು ಸುಳ್ಳಲ್ಲ.

ಚಿತ್ರ ಪತ್ರಿಕೆಯಲ್ಲಿ ಬಂತು. ಅಂತಹ ಚಿತ್ರ ಆ ಸೀಮೆಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಬರಿಗೈ, ಬರಿ ಹಣೆ, ಅರ್ಧ ತೆರೆದ ಬಾಯಿ. ಪತ್ರಿಕೆಯ ಕಚೇರಿಯಲ್ಲಿ ಕೂತವನೊಬ್ಬ ಅದರ ಕೆಳಗೆ ಬರೆದ: ‘ಬರಕ್ಕೆ ಗಂಡನನ್ನು ಕಳೆದುಕೊಂಡು, ಅವನ ಅಂಗಿಯನ್ನೇ ತೊಟ್ಟು ಕೂತ ತಾಯಿ.’ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ನೋಡಿದರೆ ಹಾಗೆ ಕಾಣುತ್ತಿತ್ತು, ಬರೆದ. ಫೋಟೋಗ್ರಾಫರ್ ಅದನ್ನು ಓದಿದಾಗ ‘ಗಂಡ ಸಂಜೆಗೆ ಬರುತ್ತಾನೆ’ ಎಂದು ಅವಳು ಹೇಳಿದ್ದು ನೆನಪಾಯಿತು. ನಾಳೆ ಹೇಳಿ ತಿದ್ದಿಸೋಣ ಎಂದುಕೊಂಡ. ನಾಳೆಯ ಹೊತ್ತಿಗೆ ಊರೂರಿನಿಂದ ಅಕ್ಕಿ, ಬೇಳೆ, ಹಣ ಬರತೊಡಗಿತ್ತು. ತಿದ್ದಿಸುವ ಮಾತನ್ನು ಅವನು ಎತ್ತಲೇ ಇಲ್ಲ.

ದೊಡ್ಡವರು ಸೇರಿ ಒಂದು ಸಂಘ ಕಟ್ಟಿದರು. ಬಿಡಾರದ ಪಕ್ಕದಲ್ಲೇ ಚಪ್ಪರ ಹಾಕಿ ದಿನಕ್ಕೊಂದು ಹೊತ್ತಿನ ಊಟ ಶುರು ಮಾಡಿದರು. ಚಪ್ಪರದ ಮುಂದೆ ಆ ಚಿತ್ರವನ್ನು ಆಳೆತ್ತರ ಮಾಡಿ ನಿಲ್ಲಿಸಿ, ‘ಬರದಲ್ಲಿ ವಿಧವೆಯರಾದವರಿಗೆ, ತಂದೆಯಿಲ್ಲದ ಮಕ್ಕಳಿಗೆ’ ಎಂದು ಬರೆಸಿದರು. ಮೊದಲ ದಿನ ಊಟಕ್ಕೆ ಬಂದವರು ಏಳು ಮಂದಿ. ಎರಡನೆಯ ದಿನ ಅರವತ್ತು. ವಾರದೊಳಗೆ ನಾನೂರು. ಬಿಡಾರದ ಹೆಂಗಸರೆಲ್ಲ ಬಳೆ ಬಿಚ್ಚಿಟ್ಟು, ಹಣೆ ಒರೆಸಿಕೊಂಡು, ಮಕ್ಕಳನ್ನು ಕಟ್ಟಿಕೊಂಡು ಸಾಲಿನಲ್ಲಿ ಕೂತಿದ್ದರು. ಗಂಡಸರು ದೂರದ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಹೆಂಗಸರು ಸೆರಗಿನಲ್ಲಿ ಮುಚ್ಚಿಕೊಂಡು ಹೋದದ್ದೇ ಅವರ ಊಟ. ಸಂಘದ ಕಾರ್ಯದರ್ಶಿ ಎಲ್ಲವನ್ನೂ ಕಂಡಿದ್ದ. ಕಂಡೂ ಕಾಣದವನಂತೆ ಇದ್ದ. ಹಸಿವಿನ ಮುಂದೆ ಅದನ್ನೆಲ್ಲ ಕೆದಕುವವನು ಮನುಷ್ಯನೇ ಅಲ್ಲ ಎಂಬುದು ಅವನ ವಿಚಾರ. ಅದೂ ತಪ್ಪೆಂದು ನಾನು ಹೇಳಲಾರೆ.

ಒಬ್ಬಳು ಮಾತ್ರ ಊಟಕ್ಕೆ ಬರುತ್ತಿರಲಿಲ್ಲ. ಮಕ್ಕಳನ್ನು ಕಳಿಸುತ್ತಿದ್ದಳು. ತಾನು ಬಳೆ ತೊಟ್ಟುಕೊಂಡು ಗುಡಿಸಲಲ್ಲೇ ಇರುತ್ತಿದ್ದಳು. ಆಳೆತ್ತರದ ಚಿತ್ರದಲ್ಲಿದ್ದವಳು ಅವಳೇ.

ಎರಡು ತಿಂಗಳಾದ ಮೇಲೆ ದಾನಿಗಳು ಬಿಡಾರ ನೋಡಲು ಬರುವ ದಿನ ಗೊತ್ತಾಯಿತು. ಫೋಟೋಗ್ರಾಫರನನ್ನೂ ಕರೆಸಿದರು. ಅವನು ಒಂದು ಸೀರೆ, ಮಕ್ಕಳಿಗೆ ಬಟ್ಟೆ, ಮಿಠಾಯಿ ಹಿಡಿದುಕೊಂಡು ನಡುಹಗಲಿಗೆ ಬಂದ. ಅವಳು ಕಾಲಿಗೆ ಬಿದ್ದರೆ ಬೇಡವೆಂದು ಎಬ್ಬಿಸಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ.

ಗುಡಿಸಲ ಮುಂದೆ ಒಬ್ಬ ಗಂಡಸು ಕುಡುಗೋಲು ಮಸೆಯುತ್ತಿದ್ದ. ಅವನು ಎದ್ದು, ರುಮಾಲು ಸರಿಪಡಿಸಿಕೊಂಡು, ಬಂದವನಿಗೆ ಒಂದು ತಂಬಿಗೆ ನೀರು ಕೊಟ್ಟ. ಫೋಟೋಗ್ರಾಫರನಿಗೆ ಅವನು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಒಳಗಿನಿಂದ ಬಂದ ಹೆಂಗಸು ಫೋಟೋಗ್ರಾಫರನ ಕೈಯಲ್ಲಿದ್ದ ಸೀರೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಆ ಕಡೆ ಗಂಡ ಸತ್ತವಳಿಗೆ ತವರಿನವರು ಸೀರೆ ತರುವುದು ರೂಢಿ.

“ಇನ್ನೊಂದು ಸೀರಿ ತಂದ್ರೇನ್ರಿ? ನಮ್ಮಣ್ಣ ಆಗಲೇ ತಂದು ಕೊಟ್ಟು ಹ್ವಾದ. ಪೇಪರಿನಾಗ ನನ್ನ ಬರಿಗೈ ನೋಡಿ, ಅಳಕೋತ ಎರಡು ಬಸ್ ಬದಲಿ ಮಾಡಿ ಬಂದಿದ್ದ. ಅಂವಗ ನೀರು ತಂದು ಕೊಟ್ಟವರು ಇವರಽ. ಇವರ ಮಾರಿ ನೋಡಿ ಅಲ್ಲೇ ಕುಸದು ಕುಂತ. ಊರಾಗ ಇವರ ಅಣ್ಣತಮ್ಮರು, ಭಾವಬಂದ್ಯಾರೆಲ್ಲ ತಲಿಮ್ಯಾಲೆ ನೀರು ಹಾಕ್ಕೊಂಡು ಸೂತಕಾ ಕಳಕೊಂಡಾರಂತ. ಇನ್ನ ಇವರು ಯಾವ ಮಾರಿ ಹೊತ್ತು ಊರಿಗೆ ಹೋಗಬೇಕ್ರಿ?”

ಗಂಡ ಕುಡುಗೋಲಿನ ಅಂಚನ್ನು ಹೆಬ್ಬೆರಳಿನಿಂದ ನೋಡಿಕೊಳ್ಳುತ್ತ ಕೂತ.

ಫೋಟೋಗ್ರಾಫರನಿಗೆ ನಿಜವಾಗಿಯೂ ಸಂಕಟವಾಯಿತು. “ನನ್ನಿಂದ ತಪ್ಪಾಯಿತು, ತಾಯಿ” ಎಂದ.

“ತಪ್ಪು ಆತು, ಬಿಡ್ರಿ. ಅದಽ ಪೇಪರಿನಾಗ ಇನ್ನೊಂದು ಫೋಟೋ ಹಾಕ್ರಿ. ಬಳಿ ತೊಟ್ಟು ಇವರ ಮಗ್ಗಲಕ್ಕ ನಿಂದರತೀನಿ. ಮಂದಿ ನೋಡಲಿ, ಅದಾರಂತ.”

ಅಷ್ಟೇ ಅವಳು ಕೇಳಿದ್ದು. ಅವನ ಹೆಗಲಲ್ಲಿ ಕ್ಯಾಮೆರಾ ಇತ್ತು. ಹೊರಗೆ ಬೇಕಾದಷ್ಟು ಬೆಳಕಿತ್ತು. ಆದರೆ ಅವನಿಗೆ ಚಪ್ಪರ ಕಂಡಿತು, ಅಲ್ಲಿ ಕುದಿಯುತ್ತಿದ್ದ ಅನ್ನದ ಹಂಡೆ ಕಂಡಿತು. ಈ ಗಂಡ ಬದುಕಿದ್ದಾನೆಂದು ಗೊತ್ತಾದರೆ, ಉಳಿದ ಗಂಡಂದಿರ ಸುದ್ದಿಯೂ ಹೊರಬೀಳುತ್ತದೆ. ದಾನಿಗಳು ಮೋಸ ಹೋದೆವೆಂದು ಎದ್ದು ಹೋಗುತ್ತಾರೆ. ನಾನೂರು ಹೊಟ್ಟೆಗಳು ಮತ್ತೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳಬೇಕಾಗುತ್ತದೆ.

“ಖಂಡಿತ ಹಾಕಿಸುತ್ತೇನೆ. ಆದರೆ ಈಗ ಬೇಡ. ಒಂದು ಮಳೆಯಾಗಲಿ, ಎಲ್ಲರೂ ಊರಿಗೆ ಹೊರಡಲಿ” ಎಂದ.

“ಮಳಿ ಆಗೂತನಕಾ ಇವರು ಸತ್ತಽ ಇರಬೇಕೇನ್ರಿ?” ಎಂದಳು ಅವಳು.

ಅಷ್ಟು ಹೊತ್ತಿಗೆ ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ಓಡಿ ಬಂದ. ದಾನಿಗಳ ಕಾರು ಊರು ಮುಟ್ಟಿತ್ತು. ಅವರಿಗೆ ಎಲ್ಲಕ್ಕಿಂತ ಮೊದಲು ಚಿತ್ರದ ತಾಯಿಯನ್ನು ನೋಡಬೇಕಂತೆ. “ಇವತ್ತೊಂದು ದಿನ ಬಳೆ ತೆಗೆದಿಡಮ್ಮ, ನಿನ್ನ ಕಾಲು ಹಿಡಿಯುತ್ತೇನೆ. ಕೆಲಸಕ್ಕೆ ಹೋಗುವಾಗ ದಿನಾ ತೆಗೆಯುವುದಿಲ್ಲವೇ?” ಎಂದ.

“ದಿನಾ ತಗೀತೀನಿ, ಇವರ ಕೈಯಾಗ ಕೊಡ್ತೀನಿ. ನಿಮ್ಮ ಮಾತಿಗೆ ತಗದ್ರ ಯಾರ ಕೈಯಾಗ ಕೊಡಲಿ?”

ಅವಳು ಮಕ್ಕಳ ಕೈ ಹಿಡಿದು, ಗಂಡನಿಗೆ “ಏಳ್ರಿ” ಎಂದು ನೇರ ಚಪ್ಪರದ ಕಡೆ ನಡೆದಳು. ಗಂಡ ಒಲ್ಲೆನೆಂದ. ಅವಳು ತಿರುಗಿ ನೋಡಿದಳು. ಆಮೇಲೆ ಅವನು ಹಿಂದೆ ಹೋದ. ಹೆಂಡತಿ ಹಾಗೆ ತಿರುಗಿ ನೋಡಿದ ಮೇಲೆ ಯಾವ ಗಂಡಸು ತಾನೇ ನಿಂತಾನು!

ಚಪ್ಪರದ ಕೆಳಗೆ ಮುತ್ತುಗದ ಎಲೆಗಳು ಬಿದ್ದಿದ್ದವು. ಅನ್ನ ಅರ್ಧ ಸಾಲಿಗೆ ಬಡಿಸಿ ಆಗಿತ್ತು. ಅವಳು ಸಾಲಿನ ತುದಿಯಲ್ಲಿ ಗಂಡನನ್ನು ಕೂರಿಸಿ, ಅವನ ಮುಂದೆ ಒಂದು ಎಲೆ ಹಾಕಿದಳು. ಪಕ್ಕದಲ್ಲಿ ಮಕ್ಕಳನ್ನು ಕೂರಿಸಿ, ಕೊನೆಗೆ ತಾನು ಕೂತಳು. ಸಾಲಿನ ಹೆಂಗಸರೆಲ್ಲ ಅವರ ಕಡೆಗೇ ತಿರುಗಿದರು. ಬೇವಿನ ಮರದ ಕೆಳಗಿದ್ದ ಗಂಡಸರು ಎದ್ದು ನಿಂತರು. ಆ ಚಪ್ಪರದಲ್ಲಿ ಗಂಡಸೊಬ್ಬ ಎಲೆಯ ಮುಂದೆ ಕೂತದ್ದು ಅದೇ ಮೊದಲು.

ದಾನಿಗಳಲ್ಲಿ ಹಿರಿಯನಾದವನು ಒಬ್ಬ ಬಟ್ಟೆ ವ್ಯಾಪಾರಿ. ಚಿತ್ರ ಕಂಡು ಎರಡು ರಾತ್ರಿ ನಿದ್ದೆ ಮಾಡದೆ, ಊರ ತುಂಬ ತಿರುಗಿ ಅಕ್ಕಿ ಕೂಡಿಸಿದವನು. ಅವನು ಅವಳನ್ನು ಗುರುತಿಸಿ ಕೈಮುಗಿದ. ಆಮೇಲೆ ಅವಳ ಕೈಯಲ್ಲಿದ್ದ ಬಳೆ ಕಂಡಿತು. ಪಕ್ಕದಲ್ಲಿ ಕೂತವನು ಕಂಡ.

“ಇವನು ಯಾರಮ್ಮ?”

“ನಮ್ಮ ಮನಿಯವ್ರು.”

ವ್ಯಾಪಾರಿಯ ಮುಖ ಕಪ್ಪಿಟ್ಟಿತು. ಅವನು ಅವಳನ್ನು ಮತ್ತೆ ಕೇಳಲಿಲ್ಲ. ಫೋಟೋಗ್ರಾಫರನ ಕಡೆ ತಿರುಗಿದ. “ಅಲ್ಲಪ್ಪಾ, ನಿನ್ನ ಚಿತ್ರ ನಂಬಿ ನಾವು ಊರೆಲ್ಲ ಬೇಡಿ ಬಂದೆವು. ನೀನು ಹೇಳಿದ್ದನ್ನು ನಂಬುತ್ತೇನೆ. ಇವನು ಇವಳ ಗಂಡನೇ?”

ಬಡಿಸುವವನ ಕೈ ಗಾಳಿಯಲ್ಲೇ ನಿಂತಿತು. ನಾನೂರು ಮಂದಿ ಫೋಟೋಗ್ರಾಫರನ ಬಾಯಿ ನೋಡಿದರು. ಬಾಣಂತಿಯೊಬ್ಬಳು ಕೂಸನ್ನು ಎದೆಗವಚಿಕೊಂಡು, ಬಳೆಯಿಲ್ಲದ ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು. ಅವನಿಗೆ ಅದು ಕಂಡಿತು. ಗಂಡನೂ ಅವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವನ ಬಾಯಿಂದ ಒಂದು ಮಾತು ಬರಲಿ ಎಂದು ಕಾಯುತ್ತಿದ್ದ, ಅಷ್ಟೇ. ಹೌದು ಎಂಬ ಮಾತು ಫೋಟೋಗ್ರಾಫರನ ನಾಲಗೆಯ ತುದಿಯವರೆಗೆ ಬಂತು.

“ಗೊತ್ತಿಲ್ಲ. ಅವಳ ಊರಿನವನು ಯಾರೋ ಇರಬೇಕು” ಎಂದ ಅವನು.

ಹೆಂಗಸು ಎದ್ದು ನಿಂತಳು. ಅವಳ ಬಾಯಿಂದ ಏನು ಬರುತ್ತಿತ್ತೋ, ಗಂಡ ಬಿಡಲಿಲ್ಲ. ಬಡಿಸದ ಎಲೆಯನ್ನು ಉಂಡವನ ಹಾಗೆ ಮಡಚಿದ. ಮೊಣಕಾಲಿಗೆ ಕೈಯೂರಿ ಎದ್ದ.

“ಸುಮ್ಮನಿರು. ಆ ಮನಷ್ಯಾಗ ತ್ರಾಸ ಕೊಡಬ್ಯಾಡ” ಎಂದ ಹೆಂಡತಿಗೆ. ತಂದೆಯ ಜೊತೆ ಏಳಲು ಹೋದ ಮಗಳ ಹೆಗಲು ಒತ್ತಿ ಕೂರಿಸಿದ. “ಮಕ್ಕಳು ಉಣ್ಣಲಿ” ಎಂದು ಹೇಳಿ, ಬೇವಿನ ಮರದ ಕಡೆಗೂ ಹೋಗದೆ, ಗದ್ದೆಯ ಬದುವಿನ ಮೇಲೆ ನಡೆದು ಹೋದ. ಸ್ವಲ್ಪ ಹೊತ್ತಿಗೆ ಹೆಂಡತಿಯೂ ಅವನ ಹಿಂದೆ ಹೋದಳು.

ಬಡಿಸುವವನ ಕೈ ಮತ್ತೆ ಓಡಿತು. ದಾನಿಗಳು ಸಮಾಧಾನದಿಂದ ಮರಳಿದರು. ಮೊದಲ ಮಳೆ ಬೀಳುವವರೆಗೆ ಆ ಚಪ್ಪರದಲ್ಲಿ ಒಲೆ ಆರಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಆ ಹೆಂಗಸಿನ ಮೇಲೆ ಕನಿಕರವಿತ್ತು. ಹಾಗಿದ್ದರೂ ತನ್ನ ಪ್ರಶ್ನೆಗೆ ತನ್ನ ಕಡೆಯದೇ ಉತ್ತರ ಸಿಕ್ಕಿತೆಂದು ಒಳಗೊಳಗೇ ಹಗುರವಾಗಿತ್ತು.

“ಅವರ ಮನಸ್ಸಿಗೆ ನೋವಾಯಿತು, ನಿಜ. ಆದರೆ ಗುರುಗಳೇ, ಅಂತಹ ಬರದಲ್ಲೂ ಆ ಬಿಡಾರದಲ್ಲಿ ಒಬ್ಬರೂ ಸಾಯಲಿಲ್ಲವಲ್ಲ?” ಎಂದ.

ಗುರುಗಳು ಹೇಳಿದರು: “ಒಬ್ಬ ಸತ್ತ. ಮಕ್ಕಳು ಉಣ್ಣಲಿ ಎಂದು ಹೇಳಿ ಎದ್ದು ಹೋದ.”